ಕಲಾಂಚೋನಾ, ಟೇಬಲ್ ರೋಸಾ?

ಪುಟ್ಟ ಕುಂಡದಲ್ಲಿ ದಪ್ಪ ಎಲೆಯ, ಕಣ್ತುಂಬ ಹೂ ಬಿಡುವ ಗಿಡ ಬೇಕೆಂದವರಿಗೆ ಸುಲಭವಾಗಿ ಸಿಗುವುದು ಇವೆರಡು. ನಾನು ಎರಡನ್ನೂ ಬೆಳೆಸುತ್ತಿದ್ದೇನೆ. ನೀರು ನಿಲ್ಲದ, ಮರಳು ಬೆರೆತ ಮಣ್ಣು ಎರಡಕ್ಕೂ ಬೇಕು. ಹೂವಿನ ಮಾತಿಗೆ ಬಂದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಟೇಬಲ್ ರೋಸ್ ದಕ್ಷಿಣ ಅಮೆರಿಕದ್ದು, ಬಿಸಿಲಿನ ಗಿಡ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬಿದ್ದರೆ ಬೇರೆ ಉಪಚಾರ ಕೇಳುವುದಿಲ್ಲ. ಬೆರಳುದ್ದದ ಕಡ್ಡಿ ಮುರಿದು ಚುಚ್ಚಿದರೂ ಬೇರು ಬಿಡುತ್ತದೆ. ಆದರೆ ಒಂದು ಹೂವಿನ ಆಯಸ್ಸು ಒಂದೇ ದಿನ. ಮೋಡ ಕವಿದರೆ ಅದೂ ಸರಿಯಾಗಿ ಅರಳದು. ಮನೆಯೊಳಗಿನ ಕಿಟಕಿಯಲ್ಲಿಟ್ಟ ಕುಂಡದಲ್ಲಿ ಕಡ್ಡಿಗಳು ಉದ್ದುದ್ದ ಸೊರಗಿ ಬೆಳೆದವು, ಹೂ ನೆಪಕ್ಕಷ್ಟೇ.

ಆ ಕಿಟಕಿಯಲ್ಲಿ ಗೆದ್ದದ್ದು ಕಲಾಂಚೋ. ಮಡಗಾಸ್ಕರ್ ಮೂಲದ ಇದನ್ನು 1932ರಲ್ಲಿ ಜರ್ಮನಿಯ ರಾಬರ್ಟ್ ಬ್ಲಾಸ್‌ಫೆಲ್ಡ್ ಯುರೋಪಿನ ತೋಟಗಾರರಿಗೆ ಪರಿಚಯಿಸಿದರು. ನಮ್ಮ ಕಾಡುಬಸಳೆಯ ಹತ್ತಿರದ ನೆಂಟ. ಆದರೆ ಕಾಡುಬಸಳೆಯ ಹಾಗೆ ಎಲೆಯಂಚಿನಲ್ಲಿ ಮರಿ ಹುಟ್ಟುವುದಿಲ್ಲ, ಕಾಂಡದ ತುಂಡನ್ನೇ ನೆಡಬೇಕು. ಒಂದು ಗೊಂಚಲು ವಾರಗಟ್ಟಲೆ ನಿಲ್ಲುತ್ತದೆ.

ಹೂ ಮುಗಿದ ಮೇಲೆ ಬಹಳ ಜನ ಇದನ್ನು ಎಸೆದುಬಿಡುತ್ತಾರೆ. ನನಗೆ ಸಂಕಟವಾಗುವುದು ಅಲ್ಲೇ. ಗಿಡ ಸತ್ತಿರುವುದಿಲ್ಲ, ದೀರ್ಘ ರಾತ್ರಿಗೆ ಕಾಯುತ್ತಿರುತ್ತದೆ ಅಷ್ಟೆ. ಸುಮಾರು ಆರು ವಾರ, ದಿನಕ್ಕೆ ಹದಿನಾಲ್ಕು ಗಂಟೆ ಸತತ ಕತ್ತಲು ಸಿಕ್ಕರೆ ಮತ್ತೆ ಮೊಗ್ಗು ಕಟ್ಟುತ್ತದೆ. ಸಂಜೆ ಐದಕ್ಕೆ ರಟ್ಟಿನ ಪೆಟ್ಟಿಗೆ ಮುಚ್ಚಿ, ಬೆಳಗ್ಗೆ ಏಳಕ್ಕೆ ತೆಗೆದು ಒಳ್ಳೆಯ ಬೆಳಕಿಗೆ ಇಡುತ್ತೇನೆ. ನಡುರಾತ್ರಿ ಕೋಣೆಯ ದೀಪ ಅದರ ಮೇಲೆ ಬಿದ್ದರೂ ಲೆಕ್ಕ ತಪ್ಪುತ್ತದೆ, ಪೆಟ್ಟಿಗೆ ಬೇಕಾಗುವುದು ಅದಕ್ಕೇ. ಮೊಗ್ಗು ಕಂಡ ಮೇಲೂ ಅರಳಲು ಇನ್ನೂ ಕೆಲವು ವಾರ ಬೇಕು. ಇಷ್ಟು ಕಾಯುವ ಮನಸ್ಸಿಲ್ಲದವರಿಗೆ ಟೇಬಲ್ ರೋಸೇ ಸರಿ.

ನೀರಿನಲ್ಲಿ ಕಲಾಂಚೋ ಹೆಚ್ಚು ಸೂಕ್ಷ್ಮ. ಇದರ ಎಲೆಯ ಸಣ್ಣ ರಂಧ್ರಗಳು ಹಗಲಿಗಿಂತ ರಾತ್ರಿಯೇ ಹೆಚ್ಚು ತೆರೆದಿರುವುದರಿಂದ ತೇವ ನಿಧಾನವಾಗಿ ಖರ್ಚಾಗುತ್ತದೆ. ಮೇಲ್ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಹಾಕಿ. ಎಲೆ ಸುಕ್ಕುಗಟ್ಟಿದರೆ ಬಾಯಾರಿದೆ ಎಂದರ್ಥ, ನೀರು ಕುಡಿದರೆ ಚೇತರಿಸುತ್ತದೆ. ಬುಡ ಕಪ್ಪಾಗಿ, ಕೆಳಗಿನ ಎಲೆ ಹಳದಿಯಾಗಿ ಮೆತ್ತಗಾದರೆ ಬೇರು ಕೊಳೆತಿದೆ. ಆಗ ಮೇಲಿನ ಗಟ್ಟಿ ತುದಿಯನ್ನು ಕತ್ತರಿಸಿ, ಗಾಯ ಒಣಗಿಸಿ ಹೊಸದಾಗಿ ನೆಡುವುದೊಂದೇ ದಾರಿ.

ಬೆಕ್ಕು, ನಾಯಿ ಇರುವ ಮನೆಗೆ ಎರಡೂ ಹಿತವಲ್ಲ. ಕಲಾಂಚೋದಲ್ಲಿ ಅವುಗಳ ಹೃದಯಕ್ಕೇ ಪೆಟ್ಟು ಕೊಡುವ ವಿಷವಿದೆ, ಅದನ್ನು ಖಂಡಿತ ಎಟುಕದ ಎತ್ತರದಲ್ಲಿಡಿ.

ಬಯಲು ಬಿಸಿಲಿದ್ದರೆ ಟೇಬಲ್ ರೋಸ್ ತನ್ನಿ. ಕಿಟಕಿ ಮಾತ್ರ ಇದ್ದರೆ ನನ್ನ ಮತ ಕಲಾಂಚೋಗೆ. ಕೊಳ್ಳುವಾಗ ಪೂರ್ತಿ ಅರಳಿದ್ದಕ್ಕಿಂತ, ಮೊಗ್ಗು ಹೆಚ್ಚಿದ್ದು ನಾಲ್ಕಾರು ಹೂ ಬಣ್ಣ ತೋರಿಸುತ್ತಿರುವ ಗಿಡವನ್ನೇ ಆರಿಸಿ.