ರೋಮನ್ ನಾಣ್ಯಕ್ಕೆ ಹುಣಸೆಹಣ್ಣು ಹಚ್ಚಬೇಡಿ

ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದರೆ ಹಿತ್ತಾಳೆ ಚೊಂಬು ಹೇಗೆ ಥಳಥಳ ಹೊಳೆಯುತ್ತದೆ ಎಂದು ನಮಗೆಲ್ಲ ಗೊತ್ತು. ಹಬ್ಬದ ಹಿಂದಿನ ದಿನ ಅಮ್ಮ ದೇವರ ಪಾತ್ರೆಗಳನ್ನು ಹಾಗೇ ತಿಕ್ಕುತ್ತಿದ್ದರು. ಅದನ್ನೇ ನಾನು ಸುಮಾರು 1,700 ವರ್ಷ ಹಳೆಯ ನಾಣ್ಯಕ್ಕೆ ಮಾಡಿದೆ. ಅದು ಹಾಳಾಯಿತು. ನಿಮ್ಮ ಕೈಯಲ್ಲೂ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಇಲ್ಲಿ ಜ್ಯೂರಿ ವಾಲ್ ಅಂತ ರೋಮನ್ನರ ಸ್ನಾನಗೃಹದ ಗೋಡೆ ಇನ್ನೂ ನಿಂತಿದೆ. ಕೆಲಸಕ್ಕೆ ಹೋಗುವಾಗ ದಿನಾ ಅದನ್ನು ನೋಡಿ ನೋಡಿ ಆಸೆ ಹುಟ್ಟಿತು. ಮಣ್ಣು ಮೆತ್ತಿಕೊಂಡಿದ್ದ 20 ರೋಮನ್ ಕಂಚಿನ ನಾಣ್ಯಗಳನ್ನು ಆನ್‌ಲೈನ್‌ನಲ್ಲಿ ಕೊಂಡೆ. ಅವು ಯಾವ ಊರಿನ ಮಣ್ಣಲ್ಲಿ ಸಿಕ್ಕಿದವು ಎಂದು ಮಾರಿದವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು. ಕದ್ದು ಅಗೆದ ನಾಣ್ಯಗಳೂ ಹೀಗೇ ಮಾರಾಟವಾಗುತ್ತವೆ.

ನೀರಲ್ಲಿ ನೆನೆಸಿದ ಮೇಲೆ ಒಂದರಲ್ಲಿ ಚಿತ್ರ ಕಂಡಿತು. ಒಂದು ಹೆಣ್ಣು ತೋಳ, ಅದರ ಹಾಲು ಕುಡಿಯುತ್ತಿರುವ ಎರಡು ಮಕ್ಕಳು, ಮೇಲೆ ಎರಡು ನಕ್ಷತ್ರ. ರೋಮ್ ನಗರ ಹುಟ್ಟಿದ ಕಥೆಯ ರೊಮುಲಸ್ ಮತ್ತು ರೀಮಸ್! ಕಾನ್‌ಸ್ಟಂಟೈನ್ ಚಕ್ರವರ್ತಿ 330ರ ಸುಮಾರಿಗೆ ಹೊರಡಿಸಲು ಶುರು ಮಾಡಿದ ನಾಣ್ಯ ಅದು. ತೋಳದ ಕಾಲ ಕೆಳಗೆ ಟಂಕಸಾಲೆಯ ಅಕ್ಷರಗಳಿರುತ್ತವೆ. ಅಲ್ಲಿ ಹಸಿರು ಗಟ್ಟಿಯಾಗಿ ಕೂತಿತ್ತು. ಅಕ್ಷರ ಓದಿದರೆ ಯಾವ ಊರಲ್ಲಿ ಅಚ್ಚಾಯಿತು ಎಂದು ತಿಳಿಯುತ್ತದಲ್ವಾ? ರಾತ್ರಿ ಹುಣಸೆ ರಸಕ್ಕೆ ಉಪ್ಪು ಬೆರೆಸಿ, ಅದರಲ್ಲಿ ನಾಣ್ಯ ಹಾಕಿ ಮಲಗಿದೆ.

ಬೆಳಗ್ಗೆ ಹಸಿರು ಹೋಗಿತ್ತು. ತೋಳವೂ ಹೋಗಿತ್ತು, ಮಕ್ಕಳೂ ಹೋಗಿದ್ದರು. ಕೈಗೆ ಬಂದದ್ದು ಕೆಂಪಗಿನ, ಗುಳಿ ಗುಳಿಯಾದ ಒಂದು ಬಿಲ್ಲೆ. ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಆಮೇಲೆ ಓದಿ ತಿಳಿದದ್ದು ಇದು. ಚೊಂಬಿನ ಮೇಲಿನ ಕಿಲುಬು ತೆಳ್ಳಗಿರುತ್ತದೆ, ಅದರ ಕೆಳಗೆ ಲೋಹ ಗಟ್ಟಿಯಾಗಿರುತ್ತದೆ. ನೂರಾರು ವರ್ಷ ಮಣ್ಣಲ್ಲಿದ್ದ ನಾಣ್ಯ ಹಾಗಲ್ಲ. ಅದರ ಮೇಲ್ಮೈಯ ತಾಮ್ರವೇ ನಿಧಾನವಾಗಿ ಖನಿಜವಾಗಿ ಬದಲಾಗಿರುತ್ತದೆ. ಮುಖ, ಅಕ್ಷರ, ತೋಳ ಎಲ್ಲ ಉಳಿದಿರುವುದು ಆ ಹಸಿರು ಅಥವಾ ಕಂದು ಪದರದಲ್ಲೇ. ಅದನ್ನು ಪಟಿನಾ ಎನ್ನುತ್ತಾರೆ. ಹುಳಿ ಅದನ್ನು ಕರಗಿಸಿದರೆ ಚಿತ್ರವೂ ಅದರ ಜೊತೆ ಹೋಗುತ್ತದೆ. ನಿಂಬೆರಸ, ವಿನೆಗರ್ ಕೂಡ ಇದನ್ನೇ ಮಾಡುತ್ತವೆ. ಆಲಿವ್ ಎಣ್ಣೆಯಲ್ಲಿ ನೆನೆಸಿ ಎಂದು ತುಂಬ ಜನ ಹೇಳುತ್ತಾರೆ. ಅದರಲ್ಲೂ ಆಮ್ಲ ಇದೆ, ಕೆಲಸ ನಿಧಾನ ಅಷ್ಟೇ.

ಉಪ್ಪು ಇನ್ನೂ ಕೆಟ್ಟದ್ದು. ಅದರ ಕ್ಲೋರೈಡ್ ಗುಳಿಗಳ ಒಳಗೆ ಸೇರಿಕೊಳ್ಳುತ್ತದೆ. ಗಾಳಿಯ ತೇವ ಸಿಕ್ಕರೆ ಸಾಕು, ಒಳಗೇ ಆಮ್ಲ ಹುಟ್ಟಿ ಲೋಹವನ್ನು ತಿನ್ನುತ್ತದೆ. ತಿಂದ ಮೇಲೆ ಮತ್ತೆ ಆಮ್ಲ, ಮತ್ತೆ ತಿನ್ನುವುದು. ಇದಕ್ಕೆ ಕಂಚಿನ ರೋಗ ಎನ್ನುತ್ತಾರೆ. ಕೆಲವೇ ವಾರಗಳಲ್ಲಿ ನನ್ನ ನಾಣ್ಯದ ಮೇಲೆ ಬೂಷ್ಟಿನಂಥ ತಿಳಿಹಸಿರು ಪುಡಿ ಎದ್ದಿತು. ಒರೆಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಗಟ್ಟಿಯಾದ ಹಸಿರಿಗೆ ಹೆದರಬೇಕಿಲ್ಲ. ಉಗುರು ತಾಗಿದರೆ ಉದುರುವ ಈ ಪುಡಿಗೆ ಹೆದರಬೇಕು.

ಇಷ್ಟಾದ ಮೇಲೂ ಇನ್ನೊಂದು ತಪ್ಪು ಮಾಡಿದೆ. ಹಳೇ ಚಾರ್ಜರ್, ಸ್ಟೀಲ್ ಚಮಚ, ಉಪ್ಪುನೀರು ಇಟ್ಟುಕೊಂಡು ಕರೆಂಟ್ ಹಾಯಿಸಿದೆ. ಮೂರು ನಾಣ್ಯಗಳ ಚಿತ್ರ ಅಳಿಸಿಹೋಯಿತು. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇತ್ತು. ಉಪ್ಪುನೀರಿಗೆ ಕರೆಂಟ್ ಹಾಯಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸ್ಟೀಲ್ ಚಮಚ ಕರಗಿ ವಿಷಕಾರಿ ಕ್ರೋಮಿಯಂ ನೀರಿಗೆ ಸೇರಬಹುದು. ನಾನು ಬಾತ್‌ರೂಮಿನ ಕಿಟಕಿ ಮುಚ್ಚಿಕೊಂಡು ಕೂತಿದ್ದೆ. ಗಂಟಲು ಉರಿದಾಗಲೇ ಎದ್ದು ಹೊರಗೆ ಓಡಿದ್ದು. ಮನೆಯಲ್ಲಿ ಮಕ್ಕಳಿದ್ದರಂತೂ ಇದನ್ನು ಮುಟ್ಟಲೇಬೇಡಿ.

ಹವ್ಯಾಸ ಬಿಡಿ ಎನ್ನುತ್ತಿಲ್ಲ, ನಾನೂ ಬಿಟ್ಟಿಲ್ಲ. ಈಗ ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸುತ್ತೇನೆ. ನಲ್ಲಿ ನೀರಲ್ಲೂ ಕ್ಲೋರೈಡ್ ಇರುತ್ತದೆ. ವಾರಗಟ್ಟಲೆ ನೆನೆಸಿ, ಆಗಾಗ ನೀರು ಬದಲಿಸಿ, ಭೂತಗನ್ನಡಿಯ ಕೆಳಗೆ ಬಿದಿರಿನ ಕಡ್ಡಿಯಿಂದ ಚೂರು ಚೂರೇ ಮಣ್ಣು ತೆಗೆಯುತ್ತೇನೆ. ಒಣಗಿದ ನಾಣ್ಯವನ್ನು ಉಜ್ಜುವುದಿಲ್ಲ. ಆ ಕಾಲದ ಕಂಚಿನಲ್ಲಿ ಸೀಸ ಇರುತ್ತದೆ, ಧೂಳು ಮೂಗಿಗೆ ಹೋಗಬಾರದು. ಪೂರ್ತಿ ಒಣಗಿದ ಮೇಲೆ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡುತ್ತೇನೆ. ಪುಡಿ ಎದ್ದ ನಾಣ್ಯಕ್ಕೆ ಬೇರೆ ಡಬ್ಬಿ.

ಊರಲ್ಲಿರುವವರಿಗೆ ಒಂದು ಮಾತು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಹೊಲದಲ್ಲೋ ಪಾಯ ತೆಗೆಯುವಾಗಲೋ ಹಳೇ ನಾಣ್ಯ ಸಿಕ್ಕರೆ ತೊಳೆಯಲೇಬೇಡಿ. ಹೂತಿಟ್ಟ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದು ಕಾನೂನೇ ಇದೆ. ಮಣ್ಣು ಅಂಟಿದ ಹಾಗೇ ಕೊಟ್ಟರೆ, ಬಲ್ಲವರು ಆ ಮಣ್ಣಿನಿಂದಲೂ ಏನಾದರೂ ತಿಳಿದುಕೊಳ್ಳುತ್ತಾರೆ.

ನನ್ನ ಹತ್ತಿರ ಉಳಿದ 16ರಲ್ಲಿ ಐದನ್ನು ಮಾತ್ರ ಸ್ವಚ್ಛ ಮಾಡಿದ್ದೇನೆ. ಒಂದರಲ್ಲಿ ಕುದುರೆಯಿಂದ ಬೀಳುತ್ತಿರುವ ಸವಾರನನ್ನು ರೋಮನ್ ಸೈನಿಕ ಭರ್ಜಿಯಿಂದ ತಿವಿಯುತ್ತಿದ್ದಾನೆ. ಕೆಳಗೆ, ಟಂಕಸಾಲೆಯ ಅಕ್ಷರಗಳ ಮೇಲೆ, ಇನ್ನೂ ಒಂದು ಹರಳು ಗಟ್ಟಿ ಹಸಿರು ಕೂತಿದೆ. ಅದನ್ನು ಹಾಗೇ ಬಿಟ್ಟಿದ್ದೇನೆ.