ಕಿಟಕಿ ಗಾಜಿಗೆ ಅಂಟಿಸುವ ಚುಕ್ಕಿ ಟೇಪ್: ಮೂರು ತಿಂಗಳು ಬಳಸಿದ ಮೇಲೆ

ಹಕ್ಕಿಗಳು ಗಾಜಿಗೆ ಬಡಿಯದಂತೆ ತಡೆಯಲೆಂದು ಮಾರುವ ಈ ಬಿಳಿ ಚುಕ್ಕಿಗಳ ಟೇಪನ್ನು ನಾನು ಕೊಂಡದ್ದು, ಮೊದಲೇ ಅಂಟಿಸಿದ್ದ ಗಿಡುಗದ ಸ್ಟಿಕ್ಕರಿನಿಂದ ಗೇಣು ದೂರದಲ್ಲಿ, ರೆಕ್ಕೆ ಬಿಚ್ಚಿದ ಪಾರಿವಾಳವೊಂದರ ಅಚ್ಚು ಬೂದು ಪುಡಿಯಲ್ಲಿ ಪೂರ್ತಿ ಮೂಡಿದ್ದನ್ನು ಕಂಡ ಮೇಲೆ. ಅಲುಗಾಡದ ಗಿಡುಗಕ್ಕೆ ಹಕ್ಕಿಗಳು ಹೆದರುವುದಿಲ್ಲ. ಅದೊಂದು ಅಡ್ಡಿಯೆಂದು ಬಗೆದು ಪಕ್ಕಕ್ಕೆ ಸರಿಯುತ್ತವೆ, ಅಲ್ಲಿ ಗಾಜಿನೊಳಗೆ ಕಾಣುವ ಮರವನ್ನು ನಿಜವೆಂದು ನಂಬಿ ನುಗ್ಗುತ್ತವೆ.

ಚುಕ್ಕಿಗಳು ಗಾಜಿನ ಹೊರಮೈಗೆ ಅಂಟುತ್ತವೆ ಎಂಬುದೇ ಈ ಟೇಪಿನ ದೊಡ್ಡ ಗುಣ. ಒಳಗಿನಿಂದ ಅಂಟಿಸಿದ್ದನ್ನು ಹಗಲಿನಲ್ಲಿ ಆಕಾಶದ ಪ್ರತಿಬಿಂಬ ಮುಚ್ಚಿಬಿಡುತ್ತದೆ. ಚುಕ್ಕಿಯ ಅಡ್ಡಳತೆ 6 ಮಿಲಿಮೀಟರಿಗಿಂತ ತುಸು ಹೆಚ್ಚಿದೆ. ಅದಕ್ಕಿಂತ ಸಣ್ಣದಾದರೆ ಉಪಯೋಗವಿಲ್ಲ. ಗಾಜನ್ನು ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಟೇಪನ್ನು ಒತ್ತಿ ಉಜ್ಜಿ, ಮೇಲಿನ ಪಾರದರ್ಶಕ ಹಾಳೆಯನ್ನು ನಿಧಾನವಾಗಿ ಸುಲಿದರೆ ಚುಕ್ಕಿಗಳಷ್ಟೇ ಉಳಿಯುತ್ತವೆ. ಅವಸರಪಟ್ಟ ಮೊದಲ ಸಾಲಿನಲ್ಲಿ ಏಳೆಂಟು ಚುಕ್ಕಿಗಳು ಹಾಳೆಯ ಜೊತೆಗೇ ಎದ್ದು ಬಂದವು.

ನನ್ನ ತಕರಾರು ಪೊಟ್ಟಣದ ಮೇಲಿನ ಸೂಚನೆಯ ಬಗ್ಗೆ. ಸಾಲುಗಳ ನಡುವೆ 10 ಸೆಂಟಿಮೀಟರ್ ಅಂತರ ಸಾಕೆಂದು ಅದರಲ್ಲಿದೆ. ಹಾಗೆಯೇ ಮಾಡಿದೆ, ಎರಡನೆಯ ವಾರ ಪುಟ್ಟ ಹಕ್ಕಿಯೊಂದು ಆ ಸಂದಿಯಲ್ಲೇ ಬಡಿದು ಕೆಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಹಾರಿಹೋಯಿತು, ಆದರೆ ಹಾಗೆ ಹಾರಿಹೋದವುಗಳಲ್ಲೂ ಎಷ್ಟೋ ಒಳಪೆಟ್ಟಿನಿಂದ ಆಮೇಲೆ ಸಾಯುತ್ತವೆ. ಸಣ್ಣ ಹಕ್ಕಿಗಳಿಗೆ ಎಲ್ಲ ದಿಕ್ಕಿನಲ್ಲೂ 5 ಸೆಂಟಿಮೀಟರ್ ಮೀರದ ಅಂತರ ಬೇಕು. ನಡುವೆ ಇನ್ನೊಂದೊಂದು ಸಾಲು ಸೇರಿಸಿದ ಮೇಲೆ ಇಲ್ಲಿಯವರೆಗೆ ಒಂದೂ ಬಡಿದಿಲ್ಲ.

ಚುಕ್ಕಿಗಳ ಉಪಾಯ ದೊಡ್ಡ ಪ್ರಮಾಣದಲ್ಲೂ ಫಲಿಸಿದೆ. ಶಿಕಾಗೋದ ಮೆಕಾರ್ಮಿಕ್ ಪ್ಲೇಸ್ ಕಟ್ಟಡಕ್ಕೆ 2023ರ ಅಕ್ಟೋಬರಿನ ಒಂದೇ ರಾತ್ರಿ ಸುಮಾರು ಸಾವಿರ ವಲಸೆ ಹಕ್ಕಿಗಳು ಬಡಿದು ಸತ್ತಿದ್ದವು. ಮರುವರ್ಷ ಗಾಜಿಗೆಲ್ಲ ಚುಕ್ಕಿಯ ಫಿಲ್ಮ್ ಹಚ್ಚಿದ ಮೇಲೆ ಸಾವು ಸುಮಾರು ಶೇ 95ರಷ್ಟು ಇಳಿಯಿತು. ಗಗನಚುಂಬಿಗಳ ಸಮಸ್ಯೆ ಮನೆಯವರಿಗೇಕೆ ಎನ್ನುವಂತಿಲ್ಲ: ಅಮೆರಿಕದಲ್ಲಿ ಹೀಗೆ ಸಾಯುವ ಹಕ್ಕಿಗಳಲ್ಲಿ ಎತ್ತರದ ಕಟ್ಟಡಗಳ ಪಾಲು ಶೇ 1ಕ್ಕಿಂತ ಕಡಿಮೆಯೆಂದು 2014ರ ಅಂದಾಜು ಹೇಳುತ್ತದೆ, ಉಳಿದದ್ದೆಲ್ಲ ಮನೆಗಳು ಮತ್ತು ತಗ್ಗಿನ ಕಟ್ಟಡಗಳದ್ದು.

ಒಳಗೆ ಕೂತವರ ಕಣ್ಣಿಗೆ ಚುಕ್ಕಿಗಳು ಮೊದಲ ವಾರ ಚುಚ್ಚುತ್ತವೆ, ಆಮೇಲೆ ನೆನಪಾಗುವುದಿಲ್ಲ. ಕೊಳ್ಳುವವರು ಗಾಜಿನ ಅಳತೆ ತೆಗೆದು, ಪೊಟ್ಟಣ ಹೇಳುವುದರ ಎರಡರಷ್ಟು ಟೇಪನ್ನು ಒಮ್ಮೆಗೇ ತರಿಸಿಕೊಳ್ಳಲಿ. ನನ್ನ ಎರಡನೆಯ ಸುರುಳಿಯ ಬಿಳುಪು ಮೊದಲನೆಯದಕ್ಕೆ ಹೊಂದುತ್ತಿಲ್ಲ.