ಬೆಳದಿಂಗಳ ಕ್ಯಾಂಪು, ಬೆಳಗಿನ ಓಟ: ನಮ್ಮ ಪಾಡು ನಿಮಗೆ ಬೇಡ

"ಈ ವಾರ ಎರಡು ದಿನ ಕ್ಯಾಂಪಿಗೆ ಹೋಗ್ತೀವಿ" ಅಂದಾಗ ನಮ್ಮವ್ವ ನಕ್ಕುಬಿಟ್ಟಳು. ಬೆಳಗಾವಿಯಲ್ಲಿ ಕ್ಯಾಂಪ್ ಅಂದರೆ ಮಿಲಿಟರಿಯವರ ಕಂಟೋನ್ಮೆಂಟ್. ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. "ಕ್ಯಾಂಪಿಗೆ ಹೋಗಾಕ ಎರಡು ದಿನ ಯಾಕ ಬೇಕೋ?" ಅಂದಳು. ಟೆಂಟು, ಡ್ಯಾಮು, ಓಟ ಎಲ್ಲ ಬಿಡಿಸಿ ಹೇಳಿದೆ. ಅವ್ವ ನಗು ನಿಲ್ಲಿಸಿ ಗೋಡೆಯ ಕ್ಯಾಲೆಂಡರ್ ನೋಡಿದಳು. "ಅವತ್ತ ಹೊಸ್ತಿಲ ಹುಣ್ಣಿವಿ ಐತಿ. ಸವದತ್ತಿ ಹಾದಿ ತುಂಬ ಮಂದಿ ಇರ್ತಾರ. ಮುಂದಿನ ವಾರ ಹೋಗ್ರಿ."

ನಾನು ಕೇಳಲಿಲ್ಲ. ದುಡ್ಡು ಕಟ್ಟಿ ಆಗಿತ್ತು.

ಪೋಸ್ಟರ್ ವಾಟ್ಸಾಪ್‌ನಲ್ಲಿ ಬಂದಿತ್ತು. ಸವದತ್ತಿ ಹತ್ತಿರದ ನವಿಲುತೀರ್ಥ ಡ್ಯಾಮಿನ ಹಿನ್ನೀರಿನ ದಡದಲ್ಲಿ ಶನಿವಾರ ರಾತ್ರಿ ಬೆಳದಿಂಗಳ ಕ್ಯಾಂಪ್, ಭಾನುವಾರ ಬೆಳಗ್ಗೆ 10 ಕಿ.ಮೀ., 5 ಕಿ.ಮೀ. ಓಟ, ಮಕ್ಕಳಿಗೆ 2 ಕಿ.ಮೀ. ಬಂದ ಹಣ ಸರ್ಕಾರಿ ಶಾಲೆಯೊಂದರ ಶೌಚಾಲಯಕ್ಕೆ. ಮಕ್ಕಳನ್ನು ಮೊಬೈಲ್‌ನಿಂದ ಬಿಡಿಸಿದ ಹಾಗೂ ಆಯ್ತು, ಒಂದು ಒಳ್ಳೆಯ ಕೆಲಸಕ್ಕೆ ನೆರವಾದ ಹಾಗೂ ಆಯ್ತು ಅಂದುಕೊಂಡೆವು. ನಾನು 10, ಹೆಂಡತಿ 5, ಮಗ 2. ಮಗಳಿಗೆ ಇನ್ನೂ ಏಳು ವರ್ಷ, ಅವಳಿಗೆ ಸುಮ್ನೆ ಟೀಶರ್ಟ್. ಟೆಂಟು, ಊಟ ಎಲ್ಲ ಸೇರಿ ₹6,400.

ಬೆಳದಿಂಗಳು ಬೇಕು ಅಂತ ಹುಣ್ಣಿಮೆ ಆರಿಸಿದ್ದರು. ಯಾವ ಹುಣ್ಣಿಮೆ ಅಂತ ನೋಡಿರಲಿಲ್ಲ. ಹೊರಗಿನಿಂದ ಬಂದ ಸಂಘಟಕರಿಗೆ ಗೊತ್ತಾಗದೇ ಇರಬಹುದು. ಬೆಳಗಾವಿಯಲ್ಲೇ ಹುಟ್ಟಿ ಬೆಳೆದ ನನಗೆ ಏನಾಗಿತ್ತು ಧಾಡಿ? ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಈ ಮೂರು ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ನಮ್ಮ ಕಡೆಯವರಷ್ಟೇ ಅಲ್ಲ, ಮಹಾರಾಷ್ಟ್ರದಿಂದಲೂ. ಚಕ್ಕಡಿ, ಟ್ರ್ಯಾಕ್ಟರ್, ಟೆಂಪೊ, ಸಿಕ್ಕಿದ ಗಾಡಿ ಕಟ್ಟಿಕೊಂಡು ಹೊರಡುತ್ತಾರೆ. ಇದು ಚಿಕ್ಕಂದಿನಿಂದ ಕಂಡದ್ದೇ.

ಯರಗಟ್ಟಿ ದಾಟುವ ಹೊತ್ತಿಗೇ ಗಾಡಿ ಸಾಲು ಶುರುವಾಯಿತು. ಎರಡು ತಾಸಿನ ದಾರಿಗೆ ನಾಲ್ಕು ತಾಸು ಹಿಡಿಯಿತು. ದಡ ಮುಟ್ಟಿದಾಗ ಕತ್ತಲು. ಟೆಂಟು ಹಾಕಿ ಕೊಡುತ್ತೇವೆ ಅಂದಿದ್ದವರು ಚೀಲ ಕೈಗಿಟ್ಟು ಜಾಗ ತೋರಿಸಿ ಹೋದರು. ಅದು ಎರೆ ಭೂಮಿ. ಡಿಸೆಂಬರ್‌ನಲ್ಲಿ ಮೇಲೆ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತದೆ. ಗೂಟ ಬಡಿದರೆ ಬಿರುಕಿನೊಳಗೆ ಸಡಿಲಾಗಿ ನಿಲ್ಲುತ್ತದೆ, ಗಾಳಿ ಬಂದರೆ ಕಿತ್ತು ಬರುತ್ತದೆ. ಕೊನೆಗೆ ಕಲ್ಲು ಹುಡುಕಿ ತಂದು ಹಗ್ಗ ಕಟ್ಟಿದೆವು. ಊಟ ಬಂದಾಗ ರಾತ್ರಿ ಹತ್ತೂವರೆ. ಖಾರದ ಚಿಕನ್, ರೊಟ್ಟಿ. ರುಚಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಬೆಳಗ್ಗೆ ಆರಕ್ಕೆ 10 ಕಿ.ಮೀ. ಓಡಬೇಕಾದವನು ಹಿಂದಿನ ರಾತ್ರಿ ಏಳೆಂಟು ಗಂಟೆಗೆ ಅನ್ನ ಸಾರು ಉಂಡು ಮಲಗಬೇಕು. ಇಡೀ ಗೊಂದಲದ ಬೇರು ಇದೇ ಅಂತ ನನಗೆ ಅನಿಸಿದ್ದು. ಕ್ಯಾಂಪಿನ ಮಜಾ ಇರುವುದು ರಾತ್ರಿ ಎಚ್ಚರವಿರುವುದರಲ್ಲಿ. ಓಟಕ್ಕೆ ಬೇಕಾದದ್ದು ನಿದ್ದೆ. ಎರಡನ್ನೂ ಒಂದೇ ರಾತ್ರಿಗೆ ತುರುಕಿದರೆ ಯಾವುದೂ ಕೈಗೆ ಹತ್ತುವುದಿಲ್ಲ.

ನಿದ್ದೆ ಅಂತೂ ಇರಲಿಲ್ಲ ಬಿಡಿ. ಕೂಗಳತೆ ದೂರದಲ್ಲೇ ರಸ್ತೆ. ಟ್ರ್ಯಾಕ್ಟರ್‌ಗಳಲ್ಲಿ ಧ್ವನಿವರ್ಧಕ, ಎತ್ತಿನ ಕೊರಳ ಗೆಜ್ಜೆ, ನಡುನಡುವೆ "ಉಧೋ ಉಧೋ". ಅವರ ಜಾತ್ರೆ, ಅವರ ದಾರಿ. ನಡುವೆ ಹೋಗಿ ಮಲಗಿದವರು ನಾವು.

ಇನ್ನು ಮುಂದಿನದನ್ನು ದಯವಿಟ್ಟು ಗಮನವಿಟ್ಟು ಓದಿ.

ಊಟ ಆದ ಮೇಲೆ ಒಂದೊಂದು ಟೆಂಟಿನ ಮುಂದೆ ಒಂದೊಂದು ಶಿಗಡಿ ಇಟ್ಟಿದ್ದರು, ಇದ್ದಿಲು ತುಂಬಿ. ಒಂದು ಗಂಟೆ ಹೊತ್ತಿಗೆ ನೀರಿನ ಕಡೆಯಿಂದ ಗಾಳಿ ಎದ್ದಿತು. ಟೆಂಟಿನ ಬಟ್ಟೆ ಇಬ್ಬನಿಗೆ ಒದ್ದೆಯಾಗಿತ್ತು. ಮಕ್ಕಳು ನಡುಗುತ್ತಿದ್ದರು. ನಾನು ಶಿಗಡಿಯನ್ನು ಒಳಗೆ ತಂದು ಮೂಲೆಯಲ್ಲಿಟ್ಟೆ. ಕೆಂಡ ಕೆಂಪಗೆ ಉರಿಯುತ್ತಿತ್ತು, ಹೊಗೆ ಒಂಚೂರೂ ಇರಲಿಲ್ಲ. ಹೊಗೆ ಇಲ್ಲವಲ್ಲ, ಏನಾಗುತ್ತೆ ಅಂತ ಜಿಪ್ ಪೂರ್ತಿ ಎಳೆದೆ. ಐದು ನಿಮಿಷದಲ್ಲಿ ಬೆಚ್ಚಗಾಯಿತು. ಎಷ್ಟು ಹಿತವಾಗಿತ್ತೆಂದರೆ, ಆ ಗದ್ದಲದಲ್ಲೂ ನನಗೆ ಕಣ್ಣು ಹತ್ತಿತು.

ಹೆಂಡತಿಗೆ ಮಾತ್ರ ಟ್ರ್ಯಾಕ್ಟರ್ ಹಾಡಿನಿಂದ ನಿದ್ದೆ ಬಂದಿರಲಿಲ್ಲ. ತಲೆ ಸಿಡಿಯುತ್ತಿದೆ ಅನಿಸಿ ಎದ್ದು ಕೂತಿದ್ದಾಳೆ. ಪಕ್ಕದಲ್ಲಿ ಮಗಳು "ಅಮ್ಮಾ, ಹೊಟ್ಟಿ ತೊಳಸಾಕತ್ತೈತಿ" ಅಂದಿದ್ದಾಳೆ. ಮಗನನ್ನು ಅಲುಗಿಸಿದರೆ ಅವನು ಕಣ್ಣು ಬಿಡುತ್ತಿಲ್ಲ, ಏನೋ ಗೊಣಗುತ್ತಿದ್ದಾನೆ. "ಏಳ್ರೀ, ಏನೋ ಸರಿ ಇಲ್ಲ" ಅಂತ ನನ್ನ ಭುಜ ಹಿಡಿದು ಜಗ್ಗಿ, ಇನ್ನೊಂದು ಕೈಯಲ್ಲಿ ಜಿಪ್ ಕಿತ್ತಂತೆ ತೆಗೆದಳು. ನನಗೆ ಎದ್ದು ನಿಲ್ಲಲು ಹೋದರೆ ಮೊಣಕಾಲಲ್ಲಿ ಬಲವೇ ಇಲ್ಲ. ಮಕ್ಕಳನ್ನು ಎಳೆದುಕೊಂಡು ಹೊರಗೆ ಬಂದೆವು. ಮಗಳು ವಾಂತಿ ಮಾಡಿದಳು. ಅರ್ಧ ತಾಸು ಥಂಡಿ ಗಾಳಿಯಲ್ಲಿ ಕೂತ ಮೇಲೆ ಮಗ ಸರಿಯಾಗಿ ಮಾತಾಡಿದ.

ಅದು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಲ್ಲಿ ಒಳಗೆ ಹೋಗಿ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಕೊಳ್ಳುತ್ತದೆ. ಹೊಗೆ ಇಲ್ಲದ ಕೆಂಡದಿಂದಲೂ ಇದು ಬರುತ್ತದೆ. ಜಿಪ್ ಸ್ವಲ್ಪ ತೆಗೆದಿಟ್ಟರೆ ಸಾಕು ಅನ್ನುವವರಿದ್ದಾರೆ, ಅದೂ ತಪ್ಪು. ಟೆಂಟಿನೊಳಗೆ ಶಿಗಡಿ, ಸ್ಟೋವ್, ಕೆಂಡ ಯಾವುದೂ ಬೇಡ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಸೋಮವಾರ ನಮ್ಮ ಡಾಕ್ಟರ್ ಬೈದರು. ಹೊರಗೆ ಬಂದ ಮೇಲೆ ಹಾಯೆನಿಸಿದರೂ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕಿತ್ತು, ಆಮ್ಲಜನಕ ಕೊಡಬೇಕಾಗಬಹುದು ಅಂದರು. ರಾತ್ರಿಯಿಡೀ ನಾನು ಬೈದುಕೊಂಡಿದ್ದು ಆ ಟ್ರ್ಯಾಕ್ಟರ್ ಹಾಡನ್ನು. ಅದಿಲ್ಲದಿದ್ದರೆ ಹೆಂಡತಿಯೂ ಮಲಗಿಬಿಡುತ್ತಿದ್ದಳು.

ಶಿಗಡಿ ಒಳಗೆ ತಂದವನು ನಾನೇ, ಆ ತಪ್ಪು ನನ್ನದು. ಆದರೆ ನೂರು ಜನರಿಗೆ ಕೆಂಡ ಹಂಚಿದವರು ಒಂದು ಮಾತು ಹೇಳಬಹುದಿತ್ತು ಅಲ್ವಾ? ಸಂಘಟಕರ ಟೆಂಟಿಗೆ ಹೋಗಿ ಎಬ್ಬಿಸಿದೆ. ಫಸ್ಟ್ ಏಡ್ ಬಾಕ್ಸ್ ತೆಗೆದರು. ಅದರಲ್ಲಿ ಹತ್ತಿ, ಡೆಟಾಲ್, ಒಂದು ಬ್ಯಾಂಡೇಜ್ ಸುರುಳಿ. ಆಂಬುಲೆನ್ಸ್ "ಬೆಳಗ್ಗೆ ಬರತ್ತೆ".

ಇಷ್ಟಾದ ಮೇಲೂ ನಾನು ಓಡಲು ಹೋದೆ. ಹೌದು, ಹೋದೆ. ಆರು ತಿಂಗಳು ತಯಾರಿ ಮಾಡಿದ್ದೆ, ಎದೆಗೆ ಸಿಕ್ಕಿಸುವ ನಂಬರಿನ ಬಿಬ್ ಕೈಯಲ್ಲಿತ್ತು, ತಲೆ ಓಡಲಿಲ್ಲ. ಹೆಂಡತಿ ಓಡಲಿಲ್ಲ. ಓಡುವುದಾದರೂ ಹೇಗೆ? ಸುಸ್ತಾದ ಎರಡು ಮಕ್ಕಳನ್ನು ಯಾರ ಕೈಗೆ ಕೊಟ್ಟು ಹೋಗಬೇಕು? ಪೋಸ್ಟರ್‌ನಲ್ಲಿ ಫ್ಯಾಮಿಲಿ ಅಂತ ದೊಡ್ಡದಾಗಿ ಬರೆದವರು ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನೂ ಇಟ್ಟಿರಲಿಲ್ಲ. ಮಕ್ಕಳಿಗೆ ಏನೂ ಆಗದಿದ್ದರೂ ಕಥೆ ಇದೇ. ಒಬ್ಬರು ಓಡಿದರೆ ಇನ್ನೊಬ್ಬರು ಟೆಂಟು ಮಡಚಬೇಕು, ಹಲ್ಲುಜ್ಜಿಸಬೇಕು, ಶೌಚಾಲಯದ ಸಾಲಲ್ಲಿ ನಿಲ್ಲಬೇಕು. ಶಾಲೆಗೆ ಶೌಚಾಲಯ ಕಟ್ಟಿಸಲು ಹೊರಟವರ ಕ್ಯಾಂಪಿನಲ್ಲಿ ಇದ್ದದ್ದು ಎರಡೇ ಎರಡು. ಹೆಂಡತಿಯ 5 ಕಿ.ಮೀ. ಬಿಬ್ ಇನ್ನೂ ಮನೆಯಲ್ಲಿ ಪಿನ್ನಿನ ಸಮೇತ ಹಾಗೇ ಇದೆ. ಅದರ ವಿಷಯ ನಾನು ಎತ್ತುವುದಿಲ್ಲ.

ಓಟ ಆರಕ್ಕೆ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ. ಚಂದ್ರನ ಬೆಳಕಲ್ಲಿ ಡಾಂಬರು ರಸ್ತೆ ಮೇಲೆ ಓಡಿದೆವು. ಒಂದು ಕಡೆ ಗುಡ್ಡದ ಜನ, ಇನ್ನೊಂದು ಕಡೆ ಕಬ್ಬಿನ ಟ್ರ್ಯಾಕ್ಟರ್. ಡಿಸೆಂಬರ್ ಅಂದರೆ ಫ್ಯಾಕ್ಟರಿಗಳಲ್ಲಿ ಕಬ್ಬು ನುರಿಸುವ ಕಾಲ. ಎರಡೆರಡು ಟ್ರೇಲರ್, ಹಿಂದೆ ದೀಪ ಇಲ್ಲ, ಪಕ್ಕಕ್ಕೆ ಮಾರುದ್ದ ಚಾಚಿದ ಕಬ್ಬು. ಎಡಗಡೆ ಓಡಿ ಅಂತ ಮೈಕಲ್ಲಿ ಹೇಳುತ್ತಿದ್ದರು. ರಸ್ತೆ ಬಂದ್ ಮಾಡದ ಕಡೆ ಬಲಬದಿಯಲ್ಲಿ ಓಡಬೇಕು, ಎದುರಿನ ಗಾಡಿ ಕಾಣುತ್ತದೆ. ನಾಲ್ಕನೇ ಕಿಲೋಮೀಟರ್‌ನಲ್ಲಿ ಒಂದು ಕಬ್ಬಿನ ಗರಿ ನನ್ನ ಕಿವಿ ಸವರಿಕೊಂಡು ಹೋಯಿತು. ಹಿಂದಿನಿಂದ ಬಂದದ್ದು.

ಐದನೇ ಕಿಲೋಮೀಟರ್‌ನಲ್ಲಿ ನೀರು ಅಂದಿದ್ದರು, ಇರಲಿಲ್ಲ. ನೀರಿನ ಗಾಡಿ ಜಾತ್ರೆ ಸಾಲಲ್ಲಿ ಸಿಕ್ಕಿಹಾಕಿಕೊಂಡಿತ್ತಂತೆ. ರಸ್ತೆ ಪಕ್ಕ ಒಲೆ ಹೂಡಿ ದೇವಿಗೆ ನೈವೇದ್ಯ ತುಂಬುವ ಪಡ್ಡಲಗಿಗೆ ಹೋಳಿಗೆ, ಕಡುಬು ಮಾಡುತ್ತಿದ್ದ ಒಬ್ಬ ಅಜ್ಜಿ ತಂಬಿಗೆ ತುಂಬ ನೀರು ಕೊಟ್ಟಳು. "ಯಾಕ ಓಡಾಕತ್ತೀಯೋ ತಮ್ಮಾ, ಗುಡ್ಡ ಎಲ್ಲಿ ಹೋಗತೈತಿ?" ಅಂದಳು. ಏಳನೇ ಕಿಲೋಮೀಟರ್‌ನಲ್ಲಿ ಪೊಲೀಸರು ತಡೆದರು. ಹುಣ್ಣಿಮೆ ದಿನ ಈ ರಸ್ತೆಯಲ್ಲಿ ಓಡಲು ಯಾರು ಅನುಮತಿ ಕೊಟ್ಟರು ಅಂತ ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಓಟ ಅಲ್ಲಿಗೆ ಮುಗಿಯಿತು. ನಡೆದುಕೊಂಡು ವಾಪಸ್ ಬಂದೆವು.

ವಾಪಸ್ ಬಂದರೆ ಕಾರು ಅಲುಗಾಡುತ್ತಿಲ್ಲ. ಡ್ಯಾಮಿನಿಂದ ಕಾಲುವೆಗೆ ನೀರು ಬಿಡುತ್ತಾ ಹೋದಂತೆ ಹಿನ್ನೀರು ಹಿಂದೆ ಸರಿಯುತ್ತದೆ. ಹೊಸದಾಗಿ ತೆರೆದ ಆ ದಡದ ಎರೆ ಮೇಲೆ ಒಣಗಿದ ಹಾಗೆ ಕಂಡರೂ ಒಂದು ಗೇಣು ಕೆಳಗೆ ಬರೀ ಕೆಸರು. ಪಾರ್ಕಿಂಗ್ ಅಂತ ಹಗ್ಗ ಕಟ್ಟಿದ್ದು ಅಲ್ಲೇ. ಗುಡ್ಡದಿಂದ ವಾಪಸ್ ಹೊರಟಿದ್ದ ಟ್ರ್ಯಾಕ್ಟರ್‌ನವರು ಹಗ್ಗ ಹಾಕಿ ಎಳೆದುಕೊಟ್ಟರು. ₹500 ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ಮಕ್ಕಳ ಹಣೆಗೆ ಭಂಡಾರ ಹಚ್ಚಿ ಹೋದರು.

ದುಡ್ಡಿನ ವಿಷಯ ಇನ್ನೂ ಇದೆ. ಮನೆಗೆ ಬಂದ ಮೇಲೆ ಪೋಸ್ಟರ್ ತೆಗೆದು ಮತ್ತೆ ನೋಡಿದೆ. ಸರ್ಕಾರಿ ಶಾಲೆ ಅಂತ ಇದೆ, ಯಾವ ಊರಿನ ಶಾಲೆ ಅಂತ ಇಲ್ಲ. ಊರಿನ ಹೆಸರಿದ್ದರೆ ಹೆಡ್ ಮಾಸ್ತರಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ನಾನು ಹಣ ಹಾಕಿದ್ದು ಯಾವುದೇ ಟ್ರಸ್ಟಿನ ಖಾತೆಗಲ್ಲ, ಒಬ್ಬ ವ್ಯಕ್ತಿಯ ಯುಪಿಐ ನಂಬರಿಗೆ. ರಸೀದಿ ಕೇಳಿದೆ. ಬಂದ ರಸೀದಿಯಲ್ಲಿ ದೇಣಿಗೆ ಅನ್ನುವ ಪದವೇ ಇಲ್ಲ, ಕಾರ್ಯಕ್ರಮ ಶುಲ್ಕ ಅಂತಿತ್ತು. ತೆರಿಗೆ ವಿನಾಯಿತಿ ಸಿಗುವ ದೇಣಿಗೆಗೆ ಟ್ರಸ್ಟಿನ ಪ್ಯಾನ್, ನೋಂದಣಿ ಸಂಖ್ಯೆ ಇರುವ ರಸೀದಿ ಕೊಡುತ್ತಾರೆ. ಟೀಶರ್ಟ್, ಊಟ, ಟೆಂಟಿಗೆ ಕೊಟ್ಟದ್ದು ದೇಣಿಗೆ ಆಗುವುದಿಲ್ಲ. ₹6,400ರಲ್ಲಿ ಶಾಲೆಗೆ ಎಷ್ಟು ಅಂತ ಮೂರು ಸಲ ಕೇಳಿದೆ. ಮೂರು ಸಲವೂ ಕೈಮುಗಿಯುವ ಇಮೋಜಿ ಬಂತು.

ಕೊನೆಗೆ ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂತ ಬರೆದೆ. ಅದಕ್ಕೆ ಮಾತ್ರ ಉತ್ತರ ಬಂತು. ಹಣ ವಾಪಸ್ ಇಲ್ಲ, ಮುಂದಿನ ಬೆಳದಿಂಗಳ ಓಟಕ್ಕೆ ನಮ್ಮ ಕುಟುಂಬಕ್ಕೆ ಶೇ 20 ರಿಯಾಯಿತಿ ಅಂತೆ. ಜೊತೆಗೆ ಹೊಸ ಪೋಸ್ಟರ್. ಜಾಗ ಅದೇ, ಶುಲ್ಕ ಇನ್ನೂ ಜಾಸ್ತಿ. ಅವ್ವನಿಗೆ ದಿನಾಂಕ ಓದಿ ಹೇಳಿದೆ. ಅವಳು ಕ್ಯಾಲೆಂಡರ್ ಕಡೆ ತಿರುಗಲೂ ಇಲ್ಲ.

"ಬನದ ಹುಣ್ಣಿವಿ" ಅಂದಳು.